ಬೆಲ್ಲದ ನಾಡಿನಲ್ಲಿ ಮೂರು ದಿನ

ವಿಜಯಪುರದ ಕಡೆಗೆ ದ್ರಾಕ್ಷಿಯ ತೋಟ ಮಾಡಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ಮಾರ್ಗಶೀರ್ಷ ಮಾಸದಲ್ಲಿ ಧಾರವಾಡದ ನಮ್ಮ ಮನೆಗೆ ಬಂದಿದ್ದನು. ಕುಶಲಪ್ರಶ್ನೆಗಳಾದ ಮೇಲೆ ಮಾತು ಸಹಜವಾಗಿ ದ್ರಾಕ್ಷಿಯ ಕಡೆಗೆ ತಿರುಗಿತು. ಆ ಪ್ರಾಂತದ ಹಣ್ಣಿನಲ್ಲಿ ಬಹಳಷ್ಟು ಒಣದ್ರಾಕ್ಷಿಯಾಗುವದೆಂದೂ, ೨೦೦೭ರಲ್ಲಿ ಕರ್ನಾಟಕ ಸರಕಾರವು ದ್ರಾಕ್ಷಾಮದ್ಯದ ಸಲುವಾಗಿ ಪ್ರತ್ಯೇಕವಾದ ಧೋರಣೆಯನ್ನು ಗೊತ್ತುಪಡಿಸಿದಂದಿನಿಂದ ಕೆಲವರು ವೈನಿಗೆ ತಕ್ಕ ಜಾತಿಯ ಬಳ್ಳಿಗಳನ್ನೂ ಹಚ್ಚಿರುವರೆಂದೂ ಅವನು ಹೇಳಿದನು. ತಾನು ವೈನಿನ ರುಚಿಪರೀಕ್ಷೆಯ ಕ್ರಮವನ್ನು ಕಲಿತುಬಂದಿರುವೆನೆಂದು ಹೇಳುವಾಗ ಮಾತ್ರ ಅವನ ದನಿ ತುಸು ಇಳಿಯಿತು. ಗುರುಗಳ ಎದುರಿಗೆ ಮದ್ಯದ ಮಾತು!

ಅವನ ಸಂಕೋಚವನ್ನು ಬಿಡಿಸಲೆಂದು ನಾನೇ ಹೇಳಿದೆನು: "ಹೆದರಬೇಡಪ್ಪಾ. ನಾನು ಅದನ್ನು ಮುಟ್ಟಿದವನಲ್ಲ, ಆದರೆ ಅದರ ಹೆಸರುಗಳನ್ನು ಬಲ್ಲೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ರಾಕ್ಷಿಯ ಮದ್ಯಕ್ಕೆ ಮಧುವೆಂದು ಹೆಸರು. ಹುಟ್ಟಿದ ನಾಡಿನ ಮೇಲಿಂದ ಅದಕ್ಕೆ ಕಾಪಿಶಾಯನ, ಹಾರಹೂರಕವೆಂಬ ಹೆಸರುಗಳೂ ಅಲ್ಲಿ ಬರುತ್ತವೆ. ಚರಕಾಚಾರ್ಯರು ಎಂಬತ್ತನಾಲ್ಕು ಆಸವಗಳನ್ನು ಎಣಿಸಿದ್ದಾರೆ. ನಿನ್ನ ಕ್ರಮವನ್ನು ಹೇಳು, ಕೇಳೋಣ."

ಅವನು ಉತ್ಸಾಹದಿಂದ ವಿವರಿಸಿದನು. ಮೊದಲು ಶೀಶೆಗೆ ಬಟ್ಟೆಯನ್ನು ಸುತ್ತಿ ಅದರ ಹೆಸರನ್ನೂ ಬೆಲೆಯನ್ನೂ ಮರೆಮಾಡಬೇಕು. ಗಾಜಿನ ಪಾತ್ರೆಗೆ ತುಸುವೇ ಸುರಿದು, ಬಿಳಿಯ ಅರಿವೆಯ ಮುಂದೆ ಹಿಡಿದು ಬಣ್ಣವನ್ನು ನೋಡಬೇಕು. ಪಾತ್ರೆಯನ್ನು ಮೆಲ್ಲನೆ ತಿರುಗಿಸಿ ಗಂಧವನ್ನು ಆಘ್ರಾಣಿಸಬೇಕು. ಒಂದು ಗುಟುಕನ್ನು ಬಾಯಲ್ಲಿ ನಿಲ್ಲಿಸಿ ಸಿಹಿ, ಹುಳಿ, ಒಗರುಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಗುಟುಕು ಹೋದ ಮೇಲೆ ಅದರ ರುಚಿಯು ನಾಲಿಗೆಯ ಮೇಲೆ ಎಷ್ಟು ಹೊತ್ತು ನಿಲ್ಲುವದೆಂಬುದನ್ನು ನೋಡಬೇಕು. ಸೌಮ್ಯವಾದದ್ದು ಮೊದಲು, ತೀಕ್ಷ್ಣವಾದದ್ದು ಕಡೆಗೆ. ನಡುನಡುವೆ ನೀರಿನಿಂದ ಬಾಯಿಯ ಶುದ್ಧಿ. ಊಟದೊಡನೆ ಹೊಂದಿಸುವದಕ್ಕೂ ನಿಯಮಗಳುಂಟು. ಜಿಡ್ಡಿನ ಪದಾರ್ಥಕ್ಕೆ ಹುಳಿಯುಳ್ಳದ್ದು ಒಪ್ಪುತ್ತದೆ. ಖಾರವನ್ನು ಸಿಹಿಯು ಶಮನಗೊಳಿಸುತ್ತದೆ. ಸಿಹಿ ಭಕ್ಷ್ಯದೊಡನೆ ಕುಡಿಯುವದು ಭಕ್ಷ್ಯಕ್ಕಿಂತ ಸಿಹಿಯಾಗಿರದಿದ್ದರೆ ಹುಳಿಯೆನಿಸುತ್ತದೆ. ಕಡೆಗೆ ಅವನು ಅಂದ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು: "ಗುರುಗಳೇ, ಶೀಶೆಗೆ ಬಟ್ಟೆ ಸುತ್ತಿದ ಮೇಲೆ ಅಗ್ಗದ ವೈನು ದುಬಾರಿಯದನ್ನು ಸೋಲಿಸಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬೆಲೆಯನ್ನೂ ಬಣ್ಣವನ್ನೂ ನೋಡಿ ರುಚಿಯನ್ನು ಹೇಳುವವನು ಪರೀಕ್ಷಕನೇ ಅಲ್ಲ."

ಅವನು ಹೊರಟುಹೋದ ತರುವಾಯ ನಾನು ಬಹಳ ಹೊತ್ತು ಯೋಚಿಸುತ್ತ ಕುಳಿತೆನು. ಬಣ್ಣವನ್ನು ನೋಡಿ ರುಚಿಯನ್ನು ಹೇಳಿದ ಒಂದು ಅಪರಾಧವು ನನ್ನ ತಲೆಯ ಮೇಲೆಯೂ ಉಂಟು.

ಮೂವತ್ತೆಂಟು ವರ್ಷಗಳ ಹಿಂದೆ ನಾನು ಮೂಡಲಗಿಯ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಹೊಸ ಮಾಸ್ತರನಾಗಿದ್ದೆನು. ಸುಗ್ಗಿಯ ಕಾಲದಲ್ಲಿ ಒಬ್ಬ ಒಕ್ಕಲಿಗನು ತನ್ನ ಗಾಣದ ಮೊದಲ ಬೆಲ್ಲವೆಂದು ಒಂದು ಪೆಂಟೆಯನ್ನು ಧೋತರದ ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನ್ನೆದುರಿಗೆ ಇಟ್ಟು ಕೈಮುಗಿದನು. ಅದು ಹಳೆಯ ಹುಣಸೆಹಣ್ಣಿನಂತೆ ಕಪ್ಪಾಗಿತ್ತು. ಪೇಟೆಯ ಹೊಂಬಣ್ಣದ ಬೆಲ್ಲವನ್ನು ತಿಂದು ಬೆಳೆದ ನನಗೆ ಅದು ಹೊಲಸೆನಿಸಿತು. ಅವನು ಹೋದ ಮೇಲೆ ಅದನ್ನು ಮನೆಯ ಮಾಲಕರ ಎಮ್ಮೆಗೆ ಹಾಕಿಬಿಟ್ಟೆನು. ಹಿಂತಿರುಗಿ ನೋಡಿದರೆ ಅಂಗಳದ ಬಾಗಿಲಲ್ಲಿ ಆ ಒಕ್ಕಲಿಗನ ಮಗ, ನನ್ನ ನಾಲ್ಕನೆಯ ಇಯತ್ತೆಯ ವಿದ್ಯಾರ್ಥಿ, ನಿಂತಿದ್ದನು. ಅವನು ಏನೂ ಅನ್ನಲಿಲ್ಲ. ನಾನೂ ಏನೂ ಅನ್ನಲಿಲ್ಲ.

ವೈನಿನ ಪರೀಕ್ಷೆಯು ನನಗೆ ಸಲ್ಲದ್ದು. ಆದರೆ ಬೆಲ್ಲದ ಪರೀಕ್ಷೆಗೆ ಅಡ್ಡಿಯೇನು? ಪುಷ್ಯಮಾಸದಲ್ಲಿ ಗಾಣಗಳು ನಡೆಯುವ ಹೊತ್ತನ್ನು ನೋಡಿ, ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಗೆ ಹೊರಟೆನು. ಹುಕ್ಕೇರಿಯಲ್ಲಿ ನನ್ನ ಅಕ್ಕನ ಮನೆ ಇರುವದರಿಂದ ಪ್ರವಾಸಕ್ಕೆ ಮನೆಯಲ್ಲಿ ಯಾರದೂ ತಕರಾರಿರಲಿಲ್ಲ.

ಗೋಕಾಕಕ್ಕೆ ಹೋದವರು ಮೊದಲು ಜಲಪಾತವನ್ನು ನೋಡುವದು ವಾಡಿಕೆ. ಘಟಪ್ರಭೆಯು ಐವತ್ತೆರಡು ಮೀಟರುಗಳಷ್ಟು ಎತ್ತರದಿಂದ ಕುದುರೆಯ ಲಾಳದ ಆಕಾರದ ಬಂಡೆಯ ಮೇಲಿಂದ ಧುಮ್ಮಿಕ್ಕುವ ಸ್ಥಳವದು. ಮಳೆಗಾಲದಲ್ಲಿ ಕೆಂಪುನೀರಿನ ಗರ್ಜನೆಯಿಂದ ಎದೆ ನಡುಗಿಸುವ ಹೊಳೆಯು ಪುಷ್ಯದಲ್ಲಿ ಬಂಡೆಯ ಮೇಲೆ ಬಿಳಿಯ ಎಳೆಗಳನ್ನು ಇಳಿಬಿಟ್ಟಂತೆ ಶಾಂತವಾಗಿ ಇಳಿಯುತ್ತಿತ್ತು. ಇದೇ ನೀರು ಮೇಲೆ ಹಿಡಕಲ್ಲಿನಲ್ಲಿ ನಿಂತು, ಕಾಲುವೆಗಳಾಗಿ ಹರಿದು, ಈ ನಾಡಿನ ಕಬ್ಬಿಗೆ ಜೀವವಾಗುವದೆಂಬುದನ್ನು ನೆನೆದು ನಮಸ್ಕಾರ ಮಾಡಿದೆನು.

ಪೇಟೆಯಲ್ಲಿ ನಾನು ನೋಡಬೇಕೆಂದುಕೊಂಡದ್ದು ಎರಡು. ಮೊದಲನೆಯದು ಕರದಂಟು. ಕರಿದ ಅಂಟು ಎಂಬುದೇ ಕರದಂಟಾಗಿದೆ. ತುಪ್ಪದಲ್ಲಿ ಬಿದ್ದ ಅಂಟಿನ ಹರಳುಗಳು ನೋಡುನೋಡುತ್ತಿದ್ದಂತೆ ಅರಳಿನಂತೆ ಉಬ್ಬುತ್ತವೆ. ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಒಣದ್ರಾಕ್ಷಿ, ಗಸಗಸೆಗಳನ್ನು ಕೂಡಿಸಿ ಬೆಲ್ಲದ ಪಾಕದಲ್ಲಿ ಕಟ್ಟುತ್ತಾರೆ. ನನ್ನ ಶಿಷ್ಯನ ನಾಡಿನ ದ್ರಾಕ್ಷಿಯೂ ಈ ನಾಡಿನ ಕಬ್ಬೂ ಇಲ್ಲಿ ಒಂದೇ ತುಂಡಿನಲ್ಲಿ ಕೂಡಿರುವದನ್ನು ಕಂಡು ನನಗೆ ನಗೆ ಬಂದಿತು. ಕಟ್ಟುವವರನ್ನು ಮಾತಿಗೆಳೆದೆನು. "ಬೆಲ್ಲ ಉಪ್ಪಾಗಿದ್ರ ಬಾದಾಮಿ ಹಾಕಿದ್ದೂ ದಂಡ್ರಿ," ಎಂದು ಅವರು ಹೇಳಿದರು. ಹಣ್ಣುಕಾಯಿಗಳೆಷ್ಟೇ ಬೆಲೆಯುಳ್ಳವಾಗಿದ್ದರೂ ಅವೆಲ್ಲವನ್ನು ಹಿಡಿದಿಡುವದು ಎಲ್ಲಕ್ಕಿಂತ ಅಗ್ಗವಾದ ಬೆಲ್ಲ. ಅದು ಕೆಟ್ಟರೆ ಎಲ್ಲವೂ ಕೆಟ್ಟಿತು. ಕರದಂಟಿನ ಬಣ್ಣವು ಕಂದಾಗಿರುವದು ಲಕ್ಷ್ಯದಲ್ಲಿಡತಕ್ಕ ಮಾತು. ಅದು ಹಳದಿಯಾಗಿರಬೇಕೆಂದು ಯಾರೂ ಕೇಳುವದಿಲ್ಲ.

ಎರಡನೆಯದು ಗೋಕಾಕದ ಕಟ್ಟಿಗೆಯ ಹಣ್ಣುಗಳು. ಹಗುರವಾದ ಕಟ್ಟಿಗೆಯನ್ನು ಕೆತ್ತಿ, ಬಣ್ಣ ಬಳಿದು, ಮಾವು, ಬಾಳೆ, ಬದನೆಗಳನ್ನು ಇಲ್ಲಿಯ ಕುಶಲಕರ್ಮಿಗಳು ಎಂಥ ನೈಪುಣ್ಯದಿಂದ ಮಾಡುತ್ತಾರೆಂದರೆ, ತಟ್ಟೆಯಲ್ಲಿಟ್ಟರೆ ಮಕ್ಕಳು ಕಚ್ಚಲು ಹೋಗುವರು. ಒಂದು ಮಾವಿನಹಣ್ಣನ್ನು ಮೊಮ್ಮಗನಿಗೆಂದು ಕೊಂಡೆನು. ಕಣ್ಣಿಗೆ ಪೂರ್ಣವಾದ ಹಣ್ಣು, ನಾಲಿಗೆಗೆ ಬರಿ ಕಟ್ಟಿಗೆ! ಅದನ್ನು ಚೀಲದಲ್ಲಿಟ್ಟುಕೊಂಡೇ ಮರುದಿನ ಬೆಳಿಗ್ಗೆ ಮೂಡಲಗಿಯ ಬಸ್ಸನ್ನು ಹತ್ತಿದೆನು.

ಮೂಡಲಗಿಯು ಮೊದಲು ಗೋಕಾಕ ತಾಲೂಕಿನ ಊರಾಗಿತ್ತು. ಈಚೆಗೆ ತಾನೇ ತಾಲೂಕಿನ ಮುಖ್ಯಸ್ಥಳವಾಗಿದೆ. ಊರಿನ ಶಿವಬೋಧರಂಗ ಮಠಕ್ಕೆ ಹೋಗಿಬಂದು ನಾನು ದುಡಿದ ಹಳ್ಳಿಯ ದಾರಿಯನ್ನು ಹಿಡಿದೆನು. ಎರಡೂ ಕಡೆಗೆ ಕಬ್ಬು. ಸಕ್ಕರೆಯ ಕಾರಖಾನೆಗಳಿಗೆ ಹೋಗುವ ಟ್ರ್ಯಾಕ್ಟರುಗಳ ಸಾಲು. ಆ ಕಾಲದಲ್ಲಿ ಊರಿಗೆ ಏಳೆಂಟು ಗಾಣಗಳಿದ್ದವು; ಈಗ ಒಂದೇ ಒಂದರ ಹೊಗೆ ಕಾಣಿಸಿತು. ಮೈಸೂರಿನ ಕಡೆಯವರು ಆಲೆಮನೆಯೆನ್ನುವದನ್ನು ನಮ್ಮ ಕಡೆಯಲ್ಲಿ ಗಾಣವೆಂದೇ ಅನ್ನುತ್ತಾರೆ. ಅದರ ಒಡೆಯನು ಯಾರೆಂದು ಕೇಳಿದೆನು. ನನ್ನ ನಾಲ್ಕನೆಯ ಇಯತ್ತೆಯ ಹುಡುಗನೇ! ತಲೆ ನರೆತಿತ್ತು, ಆದರೂ ಕಣ್ಣು ಅದೇ ಕಣ್ಣು.

ಅವನು ನನ್ನನ್ನು ಗುರುತಿಸಿ, ಕಾಲುಮುಟ್ಟಿ ನಮಸ್ಕರಿಸಿ, ಕಂಬಳಿಯನ್ನು ಹಾಸಿ ಕುಳ್ಳಿರಿಸಿದನು. ಕೆಲಸವನ್ನು ನಡಿಸುತ್ತಲೇ ಎಲ್ಲವನ್ನೂ ತೋರಿಸಿದನು. ಕಡಿದ ಕಬ್ಬನ್ನು ತಡಮಾಡದೆ ಅರೆಯಬೇಕು. ತಡವಾದರೆ ರಸವು ಹುಳಿಯಾಗಿ ಬೆಲ್ಲವು ಹರಳುಗಟ್ಟುವದಿಲ್ಲ. ಸೋಸಿದ ರಸವು ಕೊಪ್ಪರಿಗೆಗೆ ಬೀಳುತ್ತದೆ. ಒಲೆಗೆ ರಸ ಹಿಂಡಿದ ಕಬ್ಬಿನ ಒಣಸಿಪ್ಪೆಯೇ ಉರುವಲು. ಕಾದ ರಸಕ್ಕೆ ತುಸು ಸುಣ್ಣದ ತಿಳಿನೀರು, ಜಜ್ಜಿದ ಬೆಂಡೆಯ ಗಿಡದ ಲೋಳೆ. ಲೋಳೆಯು ಹೊಲಸನ್ನೆಲ್ಲ ಹಿಡಿದು ಮೇಲಕ್ಕೆ ತರುತ್ತದೆ. ಅದನ್ನು ಜರಡಿಯಿಂದ ತೆಗೆಯುತ್ತಲೇ ಇರಬೇಕು. ಎರಡು ಮೂರು ತಾಸು ಕುದಿದು, ಶಾಖವು ಸುಮಾರು ನೂರಾ ಹದಿನೆಂಟು ಅಂಶಗಳಿಗೇರಿದಾಗ ಪಾಕವು ಸಿದ್ಧ. ಅವನ ಬಳಿ ಉಷ್ಣಮಾಪಕವಿಲ್ಲ. ಒಂದು ಹನಿಯನ್ನು ತಣ್ಣೀರಿನಲ್ಲಿ ಬಿಟ್ಟು ಬೆರಳಿನಿಂದ ಉಂಡೆಗಟ್ಟಿ ನೋಡಿದನು, ಅಷ್ಟೇ. ನೂರು ಕಿಲೋ ಕಬ್ಬಿಗೆ ಹತ್ತು ಹನ್ನೊಂದು ಕಿಲೋ ಬೆಲ್ಲ ಬಂದರೆ ಚೆನ್ನಾಗಿ ಬಂದಂತೆ.

ಬಿಸಿ ಕಾಕಂಬಿಯನ್ನು ಜೋಳದ ರೊಟ್ಟಿಯ ಮೇಲೆ ಸುರಿದು ಕೊಟ್ಟನು. ತಿನ್ನುತ್ತಿರುವಾಗ ಗೋಡೆಯ ಮೂಲೆಯಲ್ಲಿದ್ದ ಬಿಳಿಯ ಪುಡಿಯ ಡಬ್ಬಿಯು ಕಣ್ಣಿಗೆ ಬಿತ್ತು. ಕೇಳಿದೆನು. ಅವನು ಮುಚ್ಚಿಡಲಿಲ್ಲ. ಅದು ಸೋಡಿಯಂ ಹೈಡ್ರೊಸಲ್ಫೈಟ್ ಎಂಬ ಗಂಧಕದ ಲವಣ. ಬಟ್ಟೆಯ ಕಾರಖಾನೆಗಳಲ್ಲಿ ಬಣ್ಣಗಾರಿಕೆಗೆ ಬಳಸುವ ವಸ್ತು. ಪಾಕಕ್ಕೆ ಹಾಕಿದರೆ ಕಂದುಬಣ್ಣವು ಹೋಗಿ ಬೆಲ್ಲವು ಹೊಂಬಣ್ಣಕ್ಕೆ ತಿರುಗುತ್ತದೆ. ಬೆಲ್ಲದಲ್ಲಿ ಉಳಿಯಬಹುದಾದ ಗಂಧಕಕ್ಕೆ ಕಾನೂನಿನಲ್ಲಿ ಮಿತಿಯುಂಟು. ಕೈಯಳತೆಯ ಗಾಣದಲ್ಲಿ ಆ ಮಿತಿಯನ್ನು ತೂಗಿ ನೋಡುವವರಾರು? ಇದು ಒಂದು ಹಳ್ಳಿಯ ದೋಷವಲ್ಲ; ಹೊಳಪಿನ ಬೆಲ್ಲಕ್ಕೆ ಬೇಡಿಕೆಯಿದ್ದಲ್ಲೆಲ್ಲ ನಡೆಯತಕ್ಕ ಮಾತು.

"ನಿನ್ನ ಮನೆಗೆ?" ಎಂದು ಕೇಳಿದೆನು.

"ಮನಿಗೆ ಪುಡಿ ಹಾಕೂದಿಲ್ರಿ ಗುರುಗಳ. ಅದನ್ನ ಬ್ಯಾರೆ ಇಳಸತೇವ್ರಿ, ಕರೀದು," ಎಂದು ನಕ್ಕನು. "ಕರೀ ಬೆಲ್ಲಕ್ಕ ಪ್ಯಾಟ್ಯಾಗ ದರಾ ಇಲ್ರಿ. ನಿಮ್ಮ ಕಣ್ಣಿಗೆ ಏನ ಬೇಕೋ ಅದನ್ನ ನಾವು ಮಾಡತೇವ್ರಿ. ನಿಮ್ಮ ನಾಲಿಗಿಗೆ ಏನ ಬೇಕಂತ ಯಾರೂ ಬಂದು ಹೇಳಿಲ್ರಿ."

ವಾಚಕರೇ, ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಮೂವತ್ತೆಂಟು ವರ್ಷಗಳಿಂದ ಗಂಟಲಲ್ಲಿದ್ದುದನ್ನು ಆಗ ಹೊರಗೆ ತಂದೆನು. "ನಿಮ್ಮಪ್ಪ ತಂದುಕೊಟ್ಟ ಬೆಲ್ಲವನ್ನು ನಾನು..." ಎಂದು ಆರಂಭಿಸುವಷ್ಟರಲ್ಲಿ ಅವನೇ, "ಎಮ್ಮಿಗೆ ಹಾಕಿದ್ರಿ. ನೆನಪೈತ್ರಿ," ಎಂದನು. ಸಿಟ್ಟಿನ ದನಿಯಲ್ಲ. ತುಸು ಹೊತ್ತು ಕೊಪ್ಪರಿಗೆಯನ್ನು ನೋಡಿ, "ಅಪ್ಪಗ ನಾ ಹೇಳಲಿಲ್ರಿ. ಅಂವಾ ಸಾಯೂತನಾ, ನನ್ನ ಬೆಲ್ಲಾ ಮಾಸ್ತರ್ರು ತಿಂದಾರಂತ ಅಂತಿದ್ದ," ಎಂದನು.

ಹೊರಡುವಾಗ ಅವನ ಮನೆಯ ಕರಿಯ ಬೆಲ್ಲದಲ್ಲಿ ಐದು ಕಿಲೋ ಬೇಡಿ ಪಡೆದೆನು. ಹಣವನ್ನು ಬೇಡವೆಂದನು, ಹೊಂಬಣ್ಣದ ಬೆಲ್ಲದ ದರವನ್ನೇ ಬಲವಂತವಾಗಿ ಕೈಯಲ್ಲಿಟ್ಟೆನು. ಪರೀಕ್ಷೆಗೆಂದು ಹೊಂಬಣ್ಣದ್ದನ್ನೂ ಒಂದು ತುಣುಕು ತೆಗೆದುಕೊಂಡೆನು.

ಮೂರನೆಯ ದಿನ ಹುಕ್ಕೇರಿ. ಹೂವಿನಕೇರಿಯೇ ಹುಕ್ಕೇರಿಯಾಯಿತೆಂದೂ, ಇಲ್ಲಿಯ ಗುಲಾಬಿಯು ವಿಜಾಪುರದ ಸುಲ್ತಾನರಿಗೆ ಹೋಗುತ್ತಿತ್ತೆಂದೂ ಹೇಳುತ್ತಾರೆ. ಆದಿಲಶಾಹಿಯ ಕಾಲದ ಗುಮ್ಮಟಗಳು ಇಂದಿಗೂ ಊರಿನ ಗುರುತಾಗಿವೆ. ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯವು ಇದೇ ತಾಲೂಕಿನಲ್ಲಿ ಸುಮಾರು ಐವತ್ತೊಂದು ಟಿ.ಎಂ.ಸಿ. ನೀರನ್ನು ತುಂಬಿಕೊಳ್ಳುತ್ತದೆ. ನೀರು ವರವೂ ಹೌದು, ಅಳತೆ ತಪ್ಪಿದರೆ ಶಾಪವೂ ಹೌದು. ಅತಿಯಾಗಿ ನೀರುಂಡ ಎರೆಯ ಭೂಮಿಯಲ್ಲಿ ಉಪ್ಪು ಮೇಲಕ್ಕೆ ಬಂದು ಹೊಲವು ಸವಳಾಗುತ್ತದೆ. ಆ ಹೊಲದ ಕಬ್ಬಿನ ಬೆಲ್ಲಕ್ಕೂ ಉಪ್ಪಿನ ಸೆಳೆತ ಬರುತ್ತದೆ, ಬೇಗನೆ ನೀರೊಡೆಯುತ್ತದೆ. ದ್ರಾಕ್ಷಿಯ ಮದ್ಯದಲ್ಲಿ ಭೂಮಿಯ ಗುಣವನ್ನು ಬಲ್ಲವರು ಗುರುತಿಸುವರಷ್ಟೆ? ಬೆಲ್ಲದಲ್ಲಿಯೂ ಹಾಗೆಯೇ.

ನನ್ನ ಅಕ್ಕನಿಗೆ ಎಪ್ಪತ್ತು ದಾಟಿದೆ. ಪಡಸಾಲೆಯಲ್ಲಿ ಕುಳಿತು ಪರೀಕ್ಷೆಯ ಸಂಗತಿಯನ್ನು ವಿವರಿಸಿದೆನು. ಕಬ್ಬಿನ ವಿಕಾರಗಳನ್ನು ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂದು ಆಯುರ್ವೇದದವರು ಕ್ರಮವಾಗಿ ಹೇಳಿರುವರೆಂದೂ, ಹೊಸ ಬೆಲ್ಲವು ಕಫಕರ, ಹಳೆಯದು ಪಥ್ಯವೆಂದು ವಾಗ್ಭಟನ ಮತವೆಂದೂ ಹೇಳುತ್ತಿದ್ದಂತೆ ಅಕ್ಕನು ತಡೆದು, "ತಮ್ಮಾ, ನಿನ್ನ ವಾಗ್ಭಟ ಇರಲಿ. ಬೆಲ್ಲಾ ನಾಲಿಗಿ ಮ್ಯಾಲ ಇಟಗೊಂಡ್ರ ತಾನ ಹೇಳತದ," ಎಂದಳು. ಅವಳ ಮೊಮ್ಮಗಳು ನನ್ನ ಶಲ್ಯದಿಂದಲೇ ನನ್ನ ಕಣ್ಣನ್ನು ಕಟ್ಟಿದಳು.

ಮೂರು ತುಣುಕುಗಳು ಒಂದಾದ ಮೇಲೊಂದು ಬಂದವು, ನಡುವೆ ನೀರು. ಮೊದಲನೆಯದು ತಟ್ಟನೆ ಸಿಹಿಯೆನಿಸಿ, ಅಷ್ಟೇ ತಟ್ಟನೆ ಮಾಯವಾಯಿತು. ಹಿಂದೆ ತುಸು ಉಪ್ಪು ಉಳಿಯಿತು, ಗಂಧವೆಂಬುದಿಲ್ಲ. ಎರಡನೆಯದನ್ನು ಮೂಗಿನ ಬಳಿ ತಂದೊಡನೆ ಹಸಿಗಬ್ಬಿನ ವಾಸನೆ ಬಂದಿತು. ಮರಳುಮರಳಾಗಿ ನಿಧಾನವಾಗಿ ಕರಗಿತು. ಸಿಹಿಯ ಕೆಳಗೆ ಒಂದು ತೆಳುವಾದ ಒಗರು. ನುಂಗಿದ ಮೇಲೆಯೂ ಬಹಳ ಹೊತ್ತು ಬಾಯಲ್ಲಿ ಇತ್ತು. ಮೂರನೆಯದು ಗಂಭೀರವಾದದ್ದು, ಉತ್ತತ್ತಿಯನ್ನು ನೆನಪಿಗೆ ತರುವಂಥದು, ಎಲ್ಲಿಯೋ ಒಂದೆಳೆಯಷ್ಟು ಹುಳಿ. "ಎರಡನೆಯದೇ ಉತ್ತಮ," ಎಂದೆನು. ಕಟ್ಟನ್ನು ಬಿಚ್ಚಿದರು. ಮೊದಲನೆಯದು ಹೊಂಬಣ್ಣದ್ದು, ಮೂರನೆಯದು ಅಕ್ಕನ ಮಡಕೆಯಲ್ಲಿದ್ದ ಹೋದ ವರುಷದ್ದು. ಎರಡನೆಯದು ನಾನು ಎಮ್ಮೆಗೆ ಹಾಕಿದ ಬೆಲ್ಲದ ಮಗ.

ಅಂದಿನ ಊಟದಲ್ಲಿ ಯಾವ ಬೆಲ್ಲವು ಯಾವುದಕ್ಕೆ ಒಪ್ಪುವದೆಂಬುದನ್ನು ಅಕ್ಕನು ಬಡಿಸಿಯೇ ಕಲಿಸಿದಳು. ಗೃಹಿಣಿಯರ ಉಪಯೋಗಕ್ಕೆಂದು ಬರೆದಿಡುತ್ತೇನೆ. ಹೂರಣದ ಹೋಳಿಗೆಗೆ ಪುಡಿಯಿಲ್ಲದ ಹೊಸ ಬೆಲ್ಲ. ಕಡಲೆಬೇಳೆಯು ಸಪ್ಪೆಯಾದ್ದರಿಂದ ಬೆಲ್ಲದ ಗಂಧವೆಲ್ಲ ಎದ್ದುಕಾಣುವದು, ಉಪ್ಪು ಬೆಲ್ಲವಾದರೆ ದೋಷವೂ ಹಾಗೆಯೇ ಎದ್ದುಕಾಣುವದು. ಹೋಳಿಗೆಯ ಜೊತೆಯ ಕಟ್ಟಿನ ಸಾರಿಗೆ ಹಳೆಯ ಬೆಲ್ಲ. ಅದರ ಗಾಂಭೀರ್ಯವು ಹುಣಸೆಹುಳಿಗೆ ಜೋಡಿ. ಎಣ್ಣೆಗಾಯಿಗೆ ಹಳೆಯದರಲ್ಲಿ ಒಂದು ಚಿಟಿಕೆ, ಹೆಚ್ಚಲ್ಲ. ಶೇಂಗಾ, ಎಳ್ಳುಗಳ ಹೋಳಿಗೆಗೆ ಒಗರುಳ್ಳ ಕರಿಯ ಬೆಲ್ಲ. ಅವುಗಳ ಜಿಡ್ಡನ್ನು ಆ ಒಗರು ಕತ್ತರಿಸುತ್ತದೆ. ಪಾಯಸಕ್ಕೆ ಕುದಿಯುವ ಹಾಲಿನಲ್ಲಿ ಬೆಲ್ಲವನ್ನು ಹಾಕಬಾರದು, ಹಾಲು ಒಡೆಯುತ್ತದೆ. ಬೆಲ್ಲದ ಪಾಕವು ಆರಿದ ಮೇಲೆ ಹಾಲನ್ನು ಕೂಡಿಸಬೇಕು. ಕಡೆಗೆ ಜೋಳದ ರೊಟ್ಟಿಯ ಮೇಲೆ ಸಂಕೇಶ್ವರದ ಮೆಣಸಿನಕಾಯಿಯ ರಂಜಕವನ್ನು ಬಡಿಸಿದಳು. ಕಣ್ಣಲ್ಲಿ ನೀರು ಬಂದಾಗ ಒಂದು ಚೂರು ಕರಿಯ ಬೆಲ್ಲವನ್ನು ಎಲೆಯ ತುದಿಗೆ ಇಟ್ಟಳು. ಉರಿಯು ಇಳಿಯಿತು, ರುಚಿಯು ಉಳಿಯಿತು. ಖಾರವನ್ನು ಸಿಹಿಯು ಶಮನಗೊಳಿಸುವದೆಂದು ನನ್ನ ಶಿಷ್ಯನು ದೂರದಲ್ಲಿ ಕಲಿತುಬಂದ ಶಾಸ್ತ್ರವು ಅಕ್ಕನ ಅಡಿಗೆಮನೆಯಲ್ಲಿ ಎಂದಿನಿಂದಲೋ ಇತ್ತು.

ಬೆಲ್ಲವೇ ಔಷಧವೆಂದು ನಾನು ಹೇಳುವದಿಲ್ಲ. ಅದೂ ಸಕ್ಕರೆಯ ಕುಲದ್ದೇ. ಮಧುಮೇಹವುಳ್ಳವರಿಗೆ ಕಪ್ಪು, ಹಳದಿ ಎರಡೂ ವರ್ಜ್ಯ. ತಿನ್ನಬಲ್ಲವರಿಗೆ ನನ್ನ ವಿನಂತಿ ಇಷ್ಟೇ. ಮುಂದಿನ ಸಲ ಬೆಲ್ಲವನ್ನು ಕೊಳ್ಳುವಾಗ ಕಣ್ಣುಮುಚ್ಚಿ ಒಂದು ಚೂರನ್ನು ಬಾಯಲ್ಲಿ ಕರಗಲು ಬಿಡಿರಿ. ಗಂಧವಿದೆಯೇ, ಉಪ್ಪಿದೆಯೇ, ರುಚಿ ನಿಲ್ಲುವದೇ ಎಂಬುದನ್ನು ನೋಡಿರಿ. ಒಂದು ಚೂರನ್ನು ನೀರಿನಲ್ಲಿ ಕರಗಿಸಿ, ತಳದಲ್ಲಿ ಮಣ್ಣು ನಿಲ್ಲುವದೇ ಎಂಬುದನ್ನು ನೋಡಿರಿ. ಬಣ್ಣವನ್ನು ಎಲ್ಲಕ್ಕೂ ಕಡೆಗೆ ನೋಡಿರಿ. ಕಪ್ಪಾದುದೆಲ್ಲ ಒಳ್ಳೆಯದೆಂದಲ್ಲ, ಪಾಕವು ಸೀದರೂ ಕಪ್ಪಾಗುವದು, ಆಗ ಕಹಿಯು ತಿಳಿಸುತ್ತದೆ. ನಾಲಿಗೆಗೆ ಒಪ್ಪಿದ ಕರಿಯ ಬೆಲ್ಲಕ್ಕೆ ಹಳದಿಯ ದರವನ್ನು ಕೊಡಲು ಹಿಂದೆಗೆಯಬೇಡಿರಿ. ಹಾಗೆ ಕೇಳುವವರು ಊರಿಗೆ ಹತ್ತು ಮಂದಿಯಾದರೂ ಹುಟ್ಟಿದರೆ, ಆ ಗಾಣದ ಮೂಲೆಯ ಡಬ್ಬಿಗೆ ಕೆಲಸವಿರದು. ಉಳಿದ ಒಂದು ಹೊಗೆಯೂ ಆರದು.

ಧಾರವಾಡಕ್ಕೆ ಬಂದು ಒಂದು ತಿಂಗಳಾಯಿತು. ಮೊಮ್ಮಗನು ಕಟ್ಟಿಗೆಯ ಮಾವಿನಹಣ್ಣನ್ನು ಕಚ್ಚಿನೋಡಿ ಅತ್ತದ್ದೂ ಆಯಿತು. ತಂದ ಬೆಲ್ಲವು ತೀರಿದ ಮೇಲೆ ನಮ್ಮ ಓಣಿಯ ಅಂಗಡಿಗೆ ಹೋಗಿ, ಕರಿಯ ಬೆಲ್ಲವಿದ್ದರೆ ತೋರಿಸೆಂದು ಕೇಳಿದೆನು. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದನು.

"ಯಾಕ್ರಿ ಮಾಸ್ತರ, ದನಕ್ಕೇನ್ರಿ?"

"ಅಲ್ಲಪ್ಪಾ," ಎಂದೆನು. "ಮನಿಗೆ."